ಬಿಪಿ ಮೊದಲು, ಸೂಜಿ ಆಮೇಲೆ: ನನ್ನ ಅನುಭವ

ಹಾಸನ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಕಾಗದದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಊರಿನವರ ಬಾಯಲ್ಲಿ ಸಿಸ್ಟರ್. ಲಸಿಕೆ ಒಯ್ಯುವ ಕ್ಯಾರಿಯರ್, ಐಸ್ ಪ್ಯಾಕ್, ತಾಯಿ ಕಾರ್ಡ್ ಎಲ್ಲ ನನ್ನಂಥ ಸಿಸ್ಟರ್‌ಗಳಿಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಮಗುವಿಗೆ ಲಸಿಕೆಯ ಸೂಜಿ ಬೇಡವೇ ಬೇಡ ಎಂದು ಕೂತಿದ್ದ ಮನೆಗಳನ್ನು, ಮೊದಲು ದೊಡ್ಡವರ ಬಿಪಿ ನೋಡಿ, ಒಪ್ಪಿಸಿದ್ದು ಹೇಗೆ ಅನ್ನುವುದಷ್ಟೇ ಇಲ್ಲಿ ವಿಷಯ. ಮೀಟಿಂಗಿನಲ್ಲಿ "ಇದೆಲ್ಲ ನಡೆಯಲ್ಲ ಬಿಡಿ" ಎಂದು ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಬರೆದೇ ಬಿಡೋಣ ಅನ್ನಿಸಿತು.

2025ರ ಜೂನ್, ಜುಲೈ ನೆನಪಿದೆ ಅಲ್ವಾ? ನಮ್ಮ ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ದಿನವೂ ಟಿವಿಯಲ್ಲಿ. ಮುಖ್ಯಮಂತ್ರಿಗಳೇ ಕೊರೊನಾ ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟದ್ದೂ ಕಾರಣ ಇರಬಹುದು ಎಂದರು. ಆಮೇಲೆ ಜಯದೇವದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಆ ಲಸಿಕೆಗೂ ಇದಕ್ಕೂ ನಂಟಿಲ್ಲ ಎಂದು ವರದಿ ಕೊಟ್ಟಿತು. ಆದರೆ ಮೊದಲ ಮಾತು ಊರೆಲ್ಲ ಸುತ್ತಿತ್ತು, ಎರಡನೆಯದು ಬಸ್ ಸ್ಟ್ಯಾಂಡ್ ದಾಟಲಿಲ್ಲ. ಅದಕ್ಕೂ ಹಿಂದೆ, 2024ರಲ್ಲಿ, ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಎಂದು ಆಸ್ಟ್ರಾಜೆನೆಕಾ ಲಂಡನ್ ಕೋರ್ಟಿನಲ್ಲಿ ಒಪ್ಪಿಕೊಂಡ ಸುದ್ದಿ ಬಂದಿತ್ತು. ಅಪ್ಪು ತೀರಿಕೊಂಡ 2021ರ ಅಕ್ಟೋಬರ್‌ನಿಂದಲೂ ಈ ಗುಸುಗುಸು ಇದ್ದೇ ಇತ್ತು. ಹೆದರಿಕೆ ಪೂರ್ತಿ ಕೊರೊನಾ ಸೂಜಿಯದು. ಪೆಟ್ಟು ತಿಂದದ್ದು ಮಕ್ಕಳಿಗೆ ಹಾಕುವ ನಮ್ಮ ಪೆಂಟಾ (ಐದು ರೋಗಕ್ಕೆ ಒಂದೇ ಸೂಜಿ), ಎಂಆರ್ (ದಡಾರ, ರುಬೆಲ್ಲಾದ್ದು).

ನನ್ನ ಪಟ್ಟಿಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಕ್ಕಳು ಬಾಕಿ ಇರುತ್ತಿದ್ದರು. ಆ ಮಳೆಗಾಲದಲ್ಲಿ ಅದು ಇಪ್ಪತ್ತರ ಮೇಲೆ ಹೋಯಿತು. ಅದರಲ್ಲಿ ಜಾಸ್ತಿ 16 ತಿಂಗಳ ಮೇಲಿನವರು. ಎರಡನೇ ಎಂಆರ್, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್ ಬಾಕಿ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕರಪತ್ರಕ್ಕೆ ಕೈಯಿಂದ ಸುಮಾರು 1,200 ರೂಪಾಯಿ ಹೋಯಿತು. ಅದರಲ್ಲಿ ಬೋಂಡ ಕಟ್ಟಿ ಕೊಟ್ಟದ್ದನ್ನು ಕಣ್ಣಾರೆ ನೋಡಿದೆ. ಆಟೋದಲ್ಲಿ ಮೈಕ್ ಕಟ್ಟಿಸಿದ್ದಕ್ಕೆ ಇನ್ನೊಂದು 800. ಮೈಕ್ ಕೇಳಿದರೆ ಜನರಿಗೆ 2021 ನೆನಪಾಗುತ್ತದೆ. ಸೂಜಿ ಹಾಕಿಸದಿದ್ದರೆ ರೇಷನ್ ಸಿಗಲ್ಲ ಎಂದು ಯಾರೋ ಹೆದರಿಸಿದ್ದನ್ನು ಅವರು ಇನ್ನೂ ಮರೆತಿಲ್ಲ. ಊರಿನ ವಾಟ್ಸಾಪ್ ಗುಂಪಿಗೆ ಡಾಕ್ಟರ್ ವಿಡಿಯೋ ಹಾಕಿದೆ. ಹತ್ತು ನಿಮಿಷದಲ್ಲಿ ಅದಕ್ಕೆ ಎದುರು ವಿಡಿಯೋಗಳು ಬಂದವು, ರಾತ್ರಿಯೊಳಗೆ ಅದು ಪಾರ್ಟಿ ಜಗಳ ಆಯಿತು. ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ಬೇಡ ಅನ್ನುವವರು ಯಾರು ಎಂದು ಮನೆಮನೆಯಲ್ಲಿ ಗಮನಿಸಿದಾಗ ದಾರಿ ಸಿಕ್ಕಿತು. ತಾಯಂದಿರು ಅಪರೂಪಕ್ಕೆ ಬೇಡ ಅನ್ನುತ್ತಾರೆ. ಅನ್ನುವುದು ಅತ್ತೆ, ಇಲ್ಲ ಯಜಮಾನ್ರು. ಅವರಿಗೆ ಇರುವ ಭಯ ಅವರದೇ ಎದೆಯದು. ಮೂರು ಡೋಸ್ ಹಾಕಿಸಿಕೊಂಡಿದ್ದೇನೆ, ನನಗೇನಾಗುತ್ತದೋ ಅಂತ. ಆ ಭಯ ಹಾಗೇ ಇರುವಾಗ ಮೊಮ್ಮಗನ ತೊಡೆಗೆ ಸೂಜಿ ಚುಚ್ಚಲು ಬಿಡುತ್ತಾರಾ?

ಸರ್ಕಾರದ ಗೃಹ ಆರೋಗ್ಯ ಯೋಜನೆಗೆಂದು ಬಿಪಿ, ಶುಗರ್ ನೋಡುವುದು ಹೇಗೂ ನಮ್ಮ ತಲೆ ಮೇಲಿದೆ. ಅದನ್ನೇ ಗುರುವಾರದ ಲಸಿಕೆ ದಿನಕ್ಕೆ ತಂದು ಕೂರಿಸಿದೆ. ಅಂಗನವಾಡಿ ಬಾಗಿಲಲ್ಲಿ ಒಂದು ಕುರ್ಚಿ. ಮಗು ಕರೆತಂದ ದೊಡ್ಡವರು ಮೊದಲು ಅಲ್ಲಿ ಕೂರಬೇಕು. ಬಿಪಿ ನೋಡಿ, ಚೀಟಿಯಲ್ಲಿ ಬರೆದು, ಅವರ ಕೈಗೇ ಕೊಡುವುದು. ಸೂಜಿಯ ಮಾತು ಆಮೇಲೆ.

ಇದಕ್ಕೆ ಬಂದ ಟೀಕೆ ಒಂದೆರಡಲ್ಲ. ಎಂಆರ್ ವಯಲ್ (ಲಸಿಕೆ ಶೀಶೆ) ತೆರೆದರೆ 4 ಗಂಟೆಯೊಳಗೆ ಮುಗಿಸಬೇಕು, ನೀವು ಬಿಪಿ ನೋಡುತ್ತಾ ಕೂತರೆ ಡೋಸ್ ಚೆಲ್ಲಬೇಕಾಗುತ್ತದೆ ಎಂದರು. ಬಿಪಿ ಜಾಸ್ತಿ ಇದ್ದವರು ಅಲ್ಲೇ ಕುಸಿದು ಬಿದ್ದರೆ ಅದೂ ಲಸಿಕೆ ಮೇಲೆ ಬರುತ್ತದೆ ಎಂದರು. ಎರಡನೆಯದು ತೂಕದ ಮಾತೇ. ಆದರೆ ಚೀಟಿಯಲ್ಲಿ ಸೂಜಿಗೆ ಮುಂಚಿನ ಸಮಯ, ಬಿಪಿ ಎರಡೂ ಇರುತ್ತದಲ್ಲ! ನಾಳೆ ಯಾರಾದರೂ ಕೇಳಿದರೆ ತೋರಿಸಬಹುದು. ವಯಲ್ ವಿಷಯಕ್ಕೆ, ಎಂಆರ್ ಮಕ್ಕಳನ್ನೆಲ್ಲ ಒಂದೇ ಹೊತ್ತಿಗೆ ಕರೆಯುವಂತೆ ಆಶಾ ಅಕ್ಕನಿಗೆ ಹೇಳಿದೆ. ಪೋಲಾದದ್ದು ಮೊದಲಿಗಿಂತ ಕಡಿಮೆ.

ಎರಡನೆಯದೋ ಮೂರನೆಯದೋ ಗುರುವಾರ ಒಬ್ಬ ಯಜಮಾನ್ರಿಗೆ ಬಿಪಿ 190 ಬಂತು. ಯಂತ್ರವೇ ಕೆಟ್ಟಿರಬೇಕು ಎಂದು ಕೈಯಲ್ಲಿ ಪಂಪ್ ಮಾಡುವುದರಲ್ಲಿ ನೋಡಿದೆ, ಅದರಲ್ಲೂ ಅಷ್ಟೇ ಬಂತು. ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿ ಇಸಿಜಿ ಮಾಡಿಸಿ, ಮಾತ್ರೆ ಶುರು ಮಾಡಿಸಿದ್ದಾಯಿತು. "ನನ್ನ ಎದೆ ಹೆಂಗಿದೆ ಅಂತ ಕೇಳಿದ್ದು ನೀವೊಬ್ರೇ ಸಿಸ್ಟ್ರೇ" ಎಂದರು. ಮರುವಾರ ಮೊಮ್ಮಗಳನ್ನು ತಾವೇ ಎತ್ತಿಕೊಂಡು ಬಂದರು. ಅವರ ಬೀದಿಯ ಆರೇಳು ಮಕ್ಕಳೂ ಹಿಂದೆಯೇ ಬಂದವು. ನಾನು ಕರಪತ್ರಕ್ಕೆ ಸುರಿದ ದುಡ್ಡು ನೆನೆದು ಹೊಟ್ಟೆ ಉರಿಯಿತು.

ಇನ್ನರ್ಧ ಉಪಾಯ ರಾತ್ರಿಯ ಫೋನು. 6, 14 ವಾರದ ಮಗುವಿಗೆ ಒಂದೇ ದಿನ ಮೂರು ಸೂಜಿ: ಪೆಂಟಾ, ಪಿಸಿವಿ (ನ್ಯುಮೋನಿಯಾದ್ದು), ಎಫ್‌ಐಪಿವಿ (ಪೋಲಿಯೊದ್ದು). ಜ್ವರ ಬರುವುದು ಸಾಮಾನ್ಯ. ಅದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. "ಇವತ್ತು ರಾತ್ರಿ ಮಗು ಅಳುತ್ತೆ, ಕಾಲು ಊದಬಹುದು, ನೀವು ನನ್ನನ್ನು ಬೈಯ್ತೀರಿ. ಎಂಟೂವರೆಗೆ ನಾನೇ ಫೋನ್ ಮಾಡ್ತೀನಿ, ಆಗ ಬೈಯಿರಿ." ಮಾಡುತ್ತೇನೆ ಕೂಡ. ಫೋನು ತಾಯಿಗಲ್ಲ, ಅತ್ತೆಗೆ. ಆ ಎರಡು ನಿಮಿಷದಲ್ಲಿ ಏನು ಕೇಳುತ್ತೇನೆ, ಯಾವುದನ್ನು ಮೊದಲು ಕೇಳುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ನಿಮ್ಮ ಊರಿನ ಅತ್ತೆಯಂದಿರ ಧಾಟಿ ನಿಮಗೇ ಗೊತ್ತಿರುತ್ತದೆ. ಪ್ಯಾರಸಿಟಮಾಲ್ ಎಷ್ಟು ಹನಿ ಅಂತ ಮಾತ್ರ ತಾಯಿ ಕಾರ್ಡಿನ ಹಿಂದೆ ದಪ್ಪಕ್ಷರದಲ್ಲಿ ಬರೆದು ಕಳಿಸಿ. ತೂಕ ನೋಡಿಯೇ ಬರೆಯಿರಿ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿ ನೋಡಿದೆ. ಐವತ್ತು ದಾಟಿದ ಅಜ್ಜಿಯಂದಿರ ತೋಳಲ್ಲಿ ಸಿಡುಬಿನ ದಾಕು ಹಾಕಿದ ಕಲೆ ಇರುತ್ತದಲ್ಲ, ಕಾಸಗಲದ್ದು. "ಅಜ್ಜಿ, ತೋಳು ತೋರಿಸಿ" ಎಂದು ಎಲ್ಲರ ಎದುರು ತೋರಿಸಿದೆ. 1975ರ ಮೇಲೆ ದೇಶದಲ್ಲಿ ಸಿಡುಬೇ ಇಲ್ಲ, ಅದಕ್ಕೇ ನಿಮ್ಮ ಸೊಸೆಗೆ ಈ ಕಲೆ ಇಲ್ಲ ಎಂದೆ. ಅಜ್ಜಿಯರಿಗೆ ಖುಷಿಯೋ ಖುಷಿ, ದಾಕು ಹಾಕುವವನು ಬಂದಾಗ ಅಟ್ಟ ಹತ್ತಿ ಅಡಗಿದ ಕಥೆಯೆಲ್ಲ ಬಂತು. ಆದರೆ ಗಂಡಸರ ಮೇಲೆ ಏನೂ ನಡೆಯಲಿಲ್ಲ. "ಅದು ಆವಾಗಿನ ಸೂಜಿ, ಈಗಿನದು ಕಲಬೆರಕೆ" ಎಂದು ಒಬ್ಬ ಮುಗಿಸಿಬಿಟ್ಟ. ನಗಿಸುವುದಕ್ಕೆ ಚೆನ್ನಾಗಿದೆ, ಮಗು ಕರೆತರುವುದಕ್ಕೆ ಆಗಲ್ಲ.

ಕೊರೊನಾ ಸೂಜಿ ಬಗ್ಗೆ ವಾದಕ್ಕೆ ಮಾತ್ರ ಇಳಿಯುವುದಿಲ್ಲ. ಕೇಳಿದರೆ ಗೊತ್ತಿರುವುದನ್ನು ಹೇಳುತ್ತೇನೆ. ಆ ಹೆಪ್ಪುಗಟ್ಟುವ ತೊಂದರೆ ಬಂದರೆ ಸೂಜಿಯಾದ ಕೆಲವು ವಾರಗಳಲ್ಲಿ ಬರುವಂಥದ್ದು, ನಾಲ್ಕು ವರ್ಷ ಕಾದು ಬರುವುದಿಲ್ಲ. ಅದಾದ ಮೇಲೆ ಬೀಡಿ, ಉಪ್ಪಿನಕಾಯಿ, ಶುಗರ್ ಕಡೆ ಮಾತು ತಿರುಗಿಸುತ್ತೇನೆ.

ಖರ್ಚು: ಡಿಜಿಟಲ್ ಬಿಪಿ ಯಂತ್ರ ನನ್ನದೇ, ಹತ್ತಿರ ಹತ್ತಿರ 1,800 ಇರಬೇಕು. ಕೇಂದ್ರದ್ದು ಆಗಾಗ ಕೈ ಕೊಡುತ್ತಿತ್ತು. ಬ್ಯಾಟರಿ ಸೆಲ್ಲು, ಚೀಟಿ ಪುಸ್ತಕ ಸೇರಿ ತಿಂಗಳಿಗೆ ನೂರೋ ನೂರೈವತ್ತೋ. ಶುಗರ್ ಸ್ಟ್ರಿಪ್ ಮುಗಿದರೆ ಕೈಯಿಂದ ತರಬೇಡಿ, ಕೊನೆಯಿಲ್ಲದ ಖರ್ಚು ಅದು. ಬಿಪಿ ಒಂದೇ ಸಾಕು. ಬಿಲ್ಲು ಕೊಟ್ಟಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ.

ಈಗ ಪಟ್ಟಿಯಲ್ಲಿ ಉಳಿದದ್ದು ಎರಡೋ ಮೂರೋ ಮಕ್ಕಳು. ಈ ಉಪಾಯ ಕೈ ಹಿಡಿಯದ್ದು ತೋಟದ ಲೈನ್ ಮನೆಗಳಲ್ಲಿ. ಅಸ್ಸಾಂ ಕಡೆಯಿಂದ ಬಂದ ಕೂಲಿಯವರು. ಅಲ್ಲಿ ಅತ್ತೆಯೂ ಇಲ್ಲ, ಅಜ್ಜಿಯೂ ಇಲ್ಲ, ರಾತ್ರಿ ಫೋನ್ ಮಾಡಿದರೆ ನನ್ನ ಭಾಷೆ ಅವರಿಗೆ ಬರಲ್ಲ, ಅವರದು ನನಗೆ ಬರಲ್ಲ. ಕಾಫಿ ಕೊಯ್ಲು ಮುಗಿದರೆ ಕಾರ್ಡ್ ಸಮೇತ ಬೇರೆ ಊರು. ಸದ್ಯಕ್ಕೆ ಮೇಸ್ತ್ರಿಯನ್ನು ಹಿಡಿದು, ಸಂಬಳದ ದಿನ ಸಂಜೆ ಕ್ಯಾರಿಯರ್ ತೆಗೆದುಕೊಂಡು ಹೋಗುತ್ತಿದ್ದೇನೆ. ಸಕಲೇಶಪುರ, ಮೂಡಿಗೆರೆ ಕಡೆಯ ಸಿಸ್ಟರ್‌ಗಳು ಇದಕ್ಕೆ ಏನು ಮಾಡುತ್ತಿದ್ದೀರಿ, ತಿಳಿಸಿ.