ಕಡಲ ತೀರದ ಊರಿಗೆ ಹೋಗ್ತಿದ್ದೀರಾ? ಮೊದಲು ಉಬ್ಬರ-ಇಳಿತದ ಸಮಯ ನೋಡಿಕೊಳ್ಳಿ

ಕಡಲ ತೀರದ ಊರಿಗೆ ಹೋದವರು ನೋಡಲೇಬೇಕಾದ ಜಾಗಗಳ ಪಟ್ಟಿ ಹಿಡಿದು ಓಡುತ್ತಾರೆ. ಪಟ್ಟಿ ಇರಲಿ, ಆದರೆ ಯಾವ ಜಾಗಕ್ಕೆ ಯಾವ ಹೊತ್ತಿಗೆ ಹೋಗ್ತೀರಿ ಅನ್ನೋದೇ ಮುಖ್ಯ.

ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ. ಈ ಸಮಯ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಹೋದ ವಾರ ಯಾರೋ ಹೇಳಿದ ಸಮಯ ನಂಬಬೇಡಿ.

ಬಂಡೆಗಳಿರುವ ತೀರವಿದ್ದರೆ ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮುಂಚೆ ಹೋಗಿ. ಬಂಡೆಯ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಖಾಲಿ ಚಿಪ್ಪು ಅಂದುಕೊಂಡದ್ದು ಮೆಲ್ಲಗೆ ನಡೆಯಲು ಶುರುಮಾಡುತ್ತದೆ, ಒಳಗೆ ಪುಟ್ಟ ಏಡಿ! ಮಕ್ಕಳಿಗಂತೂ ಇದರ ಮುಂದೆ ಯಾವ ಮ್ಯೂಸಿಯಂ ಕೂಡ ಬೇಡ. ನೀರು ಏರತೊಡಗಿದರೆ ಮಾತ್ರ ತಕ್ಷಣ ಎದ್ದುಬಿಡಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಇನ್ನೂ ಜಾಸ್ತಿ.

ಮೀನುಗಾರಿಕೆ ಬಂದರಿಗೆ ಬೆಳಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಅಲ್ಲಿ ಬರೀ ವಾಸನೆ. ದೀಪಸ್ತಂಭವನ್ನು ಕತ್ತಲಾದ ಮೇಲೂ ಒಮ್ಮೆ ದೂರದಿಂದ ನೋಡಿ. ಎರಡು ಮಿಂಚಿನ ನಡುವೆ ಎಷ್ಟು ಸೆಕೆಂಡು ಅಂತ ಎಣಿಸಿ. ಅಕ್ಕಪಕ್ಕದ ದೀಪಸ್ತಂಭಗಳ ಲೆಕ್ಕ ಬೇರೆ ಬೇರೆ ಇರುತ್ತದೆ, ನಾವಿಕರು ಗುರುತು ಹಿಡಿಯುವುದೇ ಹಾಗೆ.

ನೀರಿಗೆ ಇಳಿಯುವವರಿಗೆ ಒಂದು ಮಾತು. ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ, ಒಳಕ್ಕೆ ಎಳೆಯುವ ಸೆಳೆತ ಅಲ್ಲೇ ಇರಬಹುದು. ಸಿಕ್ಕಿಕೊಂಡರೆ ನೇರ ದಡದತ್ತ ಈಜಿ ಸುಸ್ತಾಗಬೇಡಿ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಸೆಳೆತ ತಪ್ಪಿಸಿಕೊಳ್ಳಿ.