ಕಿಟಕಿ ಮುಚ್ಚಿದ್ದಕ್ಕೇ ಮನೆ ತಣ್ಣಗಾಯಿತು: ನನ್ನ ಅನುಭವ

ಈ ಬೇಸಿಗೆಯಲ್ಲಿ ಎಸಿ ಇಲ್ಲದೆಯೇ ನಮ್ಮ ಮನೆಯವರೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡಿದೆವು. ಹೋದ ವರ್ಷ ನನ್ನ ಲೆಕ್ಕಾಚಾರ ಕೇಳಿ ನಕ್ಕಿದ್ದ ಭಾವನೇ ಈಗ ಫೋನ್ ಮಾಡಿ, "ಏನೇನು ಮಾಡಿದೆ, ಸ್ವಲ್ಪ ಹೇಳಪ್ಪ" ಅಂತಿದ್ದಾರೆ.

ನಮ್ಮದು ಮೇಲಿನ ಮಹಡಿ, ತಲೆ ಮೇಲೆ ಆರ್‌ಸಿಸಿ. ಹಗಲೆಲ್ಲ ಹೀರಿದ ಬಿಸಿಲನ್ನು ಅದು ರಾತ್ರಿ ಕಾರುತ್ತದೆ ಅನ್ನೋದು ನಿಮಗೆ ಹೊಸದಲ್ಲ. ಮೊದಲು ಮಲಗುವ ಹೊತ್ತಿಗೆ ಕೋಣೆಯಲ್ಲಿ 34, 35 ಡಿಗ್ರಿ ಇರುತ್ತಿತ್ತು. ಈಗ 30ರ ಆಚೀಚೆ.

ದುಡ್ಡು ಹೋದದ್ದು ಎಲ್ಲೆಲ್ಲಿ ಅಂತ ಮೊದಲು ಹೇಳಿಬಿಡುತ್ತೇನೆ. ಛಾವಣಿಯ ಒಳಗಡೆ ಥರ್ಮಾಕೋಲ್ ಹಾಳೆ ಅಂಟಿಸಿದೆವು. ಬಿಸಿಗೆ ಗೋಂದು ಮೆತ್ತಗಾಗಿ, ಒಂದು ಮಧ್ಯಾಹ್ನ ಮೂಲೆಯ ಹಾಳೆ ಮಗಳ ಪುಸ್ತಕದ ಮೇಲೇ ಬಿತ್ತು. ಆಮೇಲೆ ಕೂಲರ್. ಕಿಟಕಿ ತೆರೆದಿಟ್ಟರೆ ಪರವಾಗಿಲ್ಲ, ಮುಚ್ಚಿದರೆ ತೇವ ಒಳಗೇ ತುಂಬಿ ಮೈಯೆಲ್ಲ ಅಂಟು ಅಂಟು. ಅಮ್ಮನಿಗೆ ಉಸಿರು ಕಟ್ಟಿದ ಹಾಗಾಗಿ ಅದನ್ನು ಮೂಲೆಗೆ ಹಾಕಿದೆವು. ಸಂಜೆ ತಾರಸಿಗೆ ನೀರು ಹಾಕಿದ್ದು ನಿಜಕ್ಕೂ ಕೆಲಸ ಮಾಡಿತು, ಆದರೆ ಬೇಸಿಗೆಯಲ್ಲಿ ಅಷ್ಟು ನೀರು ಎಲ್ಲಿಂದ ತರೋದು?

ಕೊನೆಗೆ ಹಿಡಿದ ದಾರಿ ಸುಣ್ಣ. ಮೂರು ಕೋಟ್, ಒಂದರ ಮೇಲೊಂದು ಅಡ್ಡಡ್ಡ. ತಾರಸಿ ಚೆನ್ನಾಗಿ ಉಜ್ಜಿ, ಒದ್ದೆ ಮಾಡಿಕೊಂಡೇ ಬಳಿಯಬೇಕು. ಸೂರ್ಯ ಏರುವ ಮುಂಚೆ ಮುಗಿಸಬೇಕು, ಇಲ್ಲದಿದ್ದರೆ ಒಮ್ಮೆಲೇ ಒಣಗಿ ಪುಡಿ ಏಳುತ್ತದೆ. ಸುಣ್ಣಕ್ಕೆ ಗೋಂದು ಎಷ್ಟು ಬೆರೆಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಭಾವನಿಗೂ ಹೇಳಿಲ್ಲ. ನಡು ಮಧ್ಯಾಹ್ನ ಬರಿಗಾಲಲ್ಲಿ ಅದರ ಮೇಲೆ ನಿಂತು ತೋರಿಸಿದೆ. ಪಕ್ಕದಲ್ಲಿ ಬಳಿಯದೆ ಬಿಟ್ಟಿದ್ದ ಪಟ್ಟಿಯ ಮೇಲೆ ಭಾವನಿಗೆ ಎರಡು ಹೆಜ್ಜೆ ಇಡೋಕಾಗಲಿಲ್ಲ.

ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ನೆರಳು ಬಲೆ (ಶೇಡ್ ನೆಟ್) ಕಟ್ಟಿದೆ. ಗಾಜಿಗೂ ಬಲೆಗೂ ನಡುವೆ ಒಂದು ಗೇಣು ಜಾಗ ಬಿಡಿ, ಬಿಸಿ ಗಾಳಿ ಮೇಲಕ್ಕೆ ಹೋಗಲಿ. ಒಳಗೆ ದಪ್ಪ ಪರದೆ ಹಾಕಿ ಏನು ಪ್ರಯೋಜನ? ಬಿಸಿಲು ಅಷ್ಟರಲ್ಲಾಗಲೇ ಗಾಜು ದಾಟಿ ಬಂದಿರುತ್ತದೆ.

ನಿಜವಾದ ಜಗಳ ಆದದ್ದು ಕಿಟಕಿ ವಿಷಯಕ್ಕೆ. ಹಗಲು ಮುಚ್ಚಬೇಕು ಅಂದರೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಸೆಕೆಗೆ ಯಾರಾದರೂ ಕಿಟಕಿ ಮುಚ್ತಾರಾ?" ಅಂತ ಅಮ್ಮ ನಾನು ಹೊರಗೆ ಹೋದ ತಕ್ಷಣ ತೆರೆಯುತ್ತಿದ್ದರು. ಬಾಯಲ್ಲಿ ಹೇಳೋದು ಬಿಟ್ಟು ಎರಡು ಥರ್ಮಾಮೀಟರ್ ತಂದೆ, ಒಳಗೊಂದು, ಹೊರಗೆ ನೆರಳಲ್ಲೊಂದು. ಹೊರಗಿನದು ಕಡಿಮೆ ತೋರಿಸಿದರೆ ಮಾತ್ರ ತೆರೆಯೋದು. ಈಗ ಅಮ್ಮನೇ ಕಾವಲು. ಬೆಳಿಗ್ಗೆ ಎಂಟು ದಾಟಿತೋ ಇಲ್ಲವೋ, ಒಂದೊಂದೇ ಕಿಟಕಿಯ ಚಿಲಕ ಬೀಳುತ್ತದೆ.

ರಾತ್ರಿ ಎತ್ತರದ ಗವಾಕ್ಷಿಯಲ್ಲಿರುವ ಎಕ್ಸಾಸ್ಟ್ ಫ್ಯಾನ್ ಹೊರಕ್ಕೆ ಊದುತ್ತದೆ, ಎದುರು ದಿಕ್ಕಿನ ಒಂದೇ ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ಉಳಿದವೆಲ್ಲ ಬಂದ್. ಆ ಒಂದು ಕಿಟಕಿ ಎಷ್ಟು ತೆರೆದಿರಬೇಕು ಅನ್ನೋದರಲ್ಲೂ ಒಂದು ಗುಟ್ಟಿದೆ, ನೀವೇ ಪ್ರಯತ್ನಿಸಿ ನೋಡಿ.

ನಡುವೆ ಮಗಳದ್ದೊಂದು ಪ್ರಯೋಗ: ಟೇಬಲ್ ಫ್ಯಾನ್ ಮುಂದೆ ಐಸ್ ಬೋಗುಣಿ. ಒಂದು ಕಿಲೋ ಐಸ್ ಕರಗುವಾಗ ಎಳೆದುಕೊಳ್ಳುವ ಶಾಖ ಸುಮಾರು 93 ವ್ಯಾಟ್-ಗಂಟೆ. ಒಬ್ಬ ಮನುಷ್ಯ ಸುಮ್ನೆ ಕೂತಿದ್ದರೂ ಗಂಟೆಗೆ ಹೆಚ್ಚುಕಡಿಮೆ ಅಷ್ಟು ಶಾಖ ಬಿಡುತ್ತಾನೆ. ಮೇಲಾಗಿ ಐಸ್ ಮಾಡಲು ಫ್ರಿಜ್ ತನ್ನ ಬೆನ್ನಿನಿಂದ ಅದಕ್ಕಿಂತ ಜಾಸ್ತಿ ಬಿಸಿಯನ್ನು ಅದೇ ಮನೆಗೆ ಬಿಟ್ಟಿರುತ್ತದೆ. ಆದರೂ ಅವಳು ಮುಖ ಒಡ್ಡಿಕೊಂಡು ಕೂರೋದನ್ನು ಬಿಟ್ಟಿಲ್ಲ.

ಖರ್ಚು? ಕೂಲರ್, ಥರ್ಮಾಕೋಲ್ ಬಿಟ್ಟು ಲೆಕ್ಕ ಹಾಕಿದರೆ ಎಸಿ ಬೆಲೆಯ ಹತ್ತನೇ ಒಂದು ಪಾಲೂ ಆಗಿಲ್ಲ. ಒಂದೂವರೆ ಟನ್ ಎಸಿಗೆ ಗಂಟೆಗೆ ಒಂದರಿಂದ ಒಂದೂವರೆ ಯೂನಿಟ್ ಬೇಕು. 75 ವ್ಯಾಟಿನ ಹಳೆ ಸೀಲಿಂಗ್ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟ್ ಎಳೆಯುವ ಮೋಟಾರಿನ ಫ್ಯಾನ್ ಹಾಕಿದ್ದೇನೆ. ಅದೂ ಎಕ್ಸಾಸ್ಟೂ ಸೇರಿ ರಾತ್ರಿಯಿಡೀ ಓಡಿದರೂ ಒಂದು ಯೂನಿಟ್ ದಾಟೋದಿಲ್ಲ. ಸುಣ್ಣ ಮಾತ್ರ ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು. ಮುಂದಿನ ಸಲ ತಾರಸಿಯ ಕಪ್ಪು ಬಣ್ಣದ ನೀರಿನ ಟ್ಯಾಂಕಿಗೂ ಒಂದು ಕೈ ಸುಣ್ಣ ಬಳಿಯಬೇಕು ಅಂತಿದೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಬರುವ ನೀರಲ್ಲಿ ಕೈ ತೊಳೆಯೋದೂ ಕಷ್ಟ.