ಅಳತೆ ಪುಸ್ತಕದ ಒಂದು ಪುಟ, ನಮ್ಮ ಬೀದಿಯ ಚರಂಡಿ

ನಮ್ಮ ಬೀದಿಯ ಚರಂಡಿಯ ಕೊನೆಯ 28 ಮೀಟರ್ ಕಳೆದ ಮುಂಗಾರಿಗೆ ಹದಿನೈದು ದಿನ ಮೊದಲು ಕಟ್ಟಿ ಮುಗಿಯಿತು. ಕಾಗದದ ಮೇಲೆ ಅದು ಒಂದೂವರೆ ವರ್ಷದ ಹಿಂದೆಯೇ ಮುಗಿದಿತ್ತು, ಅದರ ಬಿಲ್ಲೂ ಪಾವತಿಯಾಗಿತ್ತು. ‘ಮಾಹಿತಿ ಹಕ್ಕಿನಲ್ಲಿ ಕಾಗದ ಸಿಗುತ್ತದೆ, ಚರಂಡಿ ಸಿಗುವುದಿಲ್ಲ’ ಎಂದು ಬಡಾವಣೆಯ ಸಂಘದ ಸಭೆಯಲ್ಲಿ ನನ್ನನ್ನು ಹಾಸ್ಯ ಮಾಡಿದ ಹಿರಿಯರೇ ಈಗ ಅರ್ಜಿಯ ನಕಲು ಕೇಳಿಕೊಂಡು ನನ್ನ ಹಿಟ್ಟಿನ ಗಿರಣಿಗೆ ಬರುತ್ತಿದ್ದಾರೆ. ಬಂದವರಿಗೆಲ್ಲ ಬೆಲ್ಟಿನ ಸದ್ದಿನ ನಡುವೆ ಕೂಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದೇ ಲೇಸೆಂದು ಕುಳಿತಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ಎಪ್ಪತ್ತು ಸಾವಿರದಷ್ಟು ಜನರಿರುವ ನಗರಸಭೆ ಎಂದರೆ ಸಾಕು. ಈ ಕೆಲಸದಲ್ಲಿ ಎದುರಾದ ನಗರಸಭೆಯ ಎಂಜಿನಿಯರರ ಮುಂದೆಯೇ ನಾಳೆ ಇನ್ನೊಂದು ಕೆಲಸಕ್ಕೆ ನಾನು ನಿಲ್ಲಬೇಕಾಗಿದೆ.

ಮೊದಲ ಅರ್ಜಿಯಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು. ಚರಂಡಿ ಅರ್ಧಕ್ಕೆ ನಿಂತದ್ದು ಏಕೆ, ಇದಕ್ಕೆ ಹೊಣೆ ಯಾರು, ಯಾವಾಗ ಮುಗಿಸುತ್ತೀರಿ ಎಂದೆಲ್ಲ ಕೇಳಿದ್ದೆ. ಇಪ್ಪತ್ತೆಂಟನೆಯ ದಿನ ಹಿಂಬರಹ ಬಂತು: ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು, ಮೇಲಾಗಿ ‘ಏಕೆ’ ಎಂಬುದು ದಾಖಲೆಯಲ್ಲಿರುವ ಮಾಹಿತಿಯಲ್ಲ. ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರ ಮೇಲೆ ಅಂದು ಬಹಳ ಸಿಟ್ಟು ಬಂದಿತ್ತು. ಈಗ ನೋಡಿದರೆ ಅವರು ಬರೆದದ್ದರಲ್ಲಿ ತಪ್ಪಿಲ್ಲ. ನಾನು ಬರೆದದ್ದು ಅರ್ಜಿಯ ವೇಷದಲ್ಲಿದ್ದ ಜಗಳ.

ಎರಡನೆಯ ಬಾರಿ ಜಾಣತನ ತೋರಲು ಹೋಗಿ ವಾರ್ಡಿನ ಮೂರು ವರ್ಷದ ಎಲ್ಲ ಕಾಮಗಾರಿಗಳ ಕಡತಗಳನ್ನೂ ಕೇಳಿದೆ. 412 ಪುಟ, ಪುಟಕ್ಕೆ 2 ರೂಪಾಯಿಯಂತೆ 824 ರೂಪಾಯಿ ಕಟ್ಟಿ ಎಂದರು; ಕಟ್ಟಿದೆ. ಬಂದ ಕಟ್ಟಿನಲ್ಲಿ ಟೆಂಡರ್ ಪ್ರಕಟಣೆಗಳಿದ್ದವು, ಎಲ್ಲ ಗುತ್ತಿಗೆಗಳಿಗೂ ಒಂದೇ ಆಗಿರುವ ಷರತ್ತುಗಳ ಹಾಳೆಗಳು ಮೂರು ಮೂರು ಸಲ ಇದ್ದವು, ಖಾಲಿ ನಮೂನೆಗಳೂ ಇದ್ದವು. ಕಟ್ಟಿದ ಕೆಲಸದ ಅಳತೆಯನ್ನು ಬಿಲ್ಲಿಗಾಗಿ ಬರೆದಿಡುವ ಅಳತೆ ಪುಸ್ತಕದ, ಅಂದರೆ ಎಂ.ಬಿ.ಯ, ಒಂದು ಹಾಳೆಯೂ ಇರಲಿಲ್ಲ. ಬಂದ ಹಾಳೆಗಳ ಬೆನ್ನ ಮೇಲೆ ಗಿರಣಿಯ ಲೆಕ್ಕ ಇಂದಿಗೂ ಬರೆಯುತ್ತಿದ್ದೇನೆ. 824 ರೂಪಾಯಿಯಲ್ಲಿ ನನಗೆ ದಕ್ಕಿದ್ದು ಅಷ್ಟೇ.

ಮೂರನೆಯ ಅರ್ಜಿಯಲ್ಲಿ ಎಂ.ಬಿ.ಯನ್ನೇ ಕೇಳಿದಾಗ ‘ಕಡತ ಲಭ್ಯವಿರುವುದಿಲ್ಲ’ ಎಂಬ ಉತ್ತರ ಬಂತು. ಪೌರಾಯುಕ್ತರ ಮುಂದೆ ಪ್ರಥಮ ಮೇಲ್ಮನವಿ ಹಾಕಿ, ವಿಚಾರಣೆಯ ದಿನ ಅರ್ಧ ದಿನ ಗಿರಣಿ ಮುಚ್ಚಿ, ಐದಾರು ನೂರು ರೂಪಾಯಿಯ ದುಡಿಮೆ ಬಿಟ್ಟು ಹೋದೆ. ‘ಹುಡುಕಿ ಒದಗಿಸತಕ್ಕದ್ದು’ ಎಂಬ ಆದೇಶವಾಯಿತು, ಯಾರೂ ಹುಡುಕಲಿಲ್ಲ. 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಹೋಗಿ ಎಂದು ಗೆಳೆಯರು ಒತ್ತಾಯಿಸಿದರು. ಅಲ್ಲಿ ಒಂದು ವಿಚಾರಣೆಗೆ ವರ್ಷ ಮೀರಿ ಕಾದವರನ್ನು ನಾನು ಬಲ್ಲೆ. ಮಳೆಗಾಲ ಅಷ್ಟು ಕಾಯುವುದಿಲ್ಲವಾದ್ದರಿಂದ ಆ ದಾರಿಯನ್ನು ಬಿಟ್ಟೆ. ಇದನ್ನು ಹೇಡಿತನವೆಂದವರೂ ಇದ್ದಾರೆ.

ನಾಲ್ಕನೆಯ ಅರ್ಜಿ ಅರವತ್ತು ಪದಗಳಿಗಿಂತ ಕಡಿಮೆಯಿತ್ತು. ಗುತ್ತಿಗೆದಾರರಿಗೆ ಕೆಲಸ ವಹಿಸಿದ ಕಾರ್ಯಾದೇಶದ ಸಂಖ್ಯೆ, ಎಂ.ಬಿ. ಸಂಖ್ಯೆ, ಅದರ ಪುಟ ಸಂಖ್ಯೆ ಕೊಟ್ಟು, ಆ ಪುಟಗಳ ದೃಢೀಕೃತ ಪ್ರತಿ ಕೇಳಿದೆ. ಇದರ ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ಕಾಮಗಾರಿಯನ್ನೇ ಸ್ಥಳದಲ್ಲಿ ಪರಿಶೀಲಿಸಲು ಒಂದು ದಿನ ಮತ್ತು ಸಮಯ. ನಮ್ಮಲ್ಲಿ ಬಹುತೇಕರು 2(ಜೆ)ಯನ್ನು ಕಡತ ತಿರುವಿ ನೋಡಲು ಮಾತ್ರ ಬಳಸುತ್ತಾರೆ. ಕಾಮಗಾರಿಯ ಪರಿಶೀಲನೆ ಎಂಬ ಮಾತು ಆ ಸೆಕ್ಷನ್ನಿನ ಹಕ್ಕುಗಳ ಪಟ್ಟಿಯಲ್ಲಿ ಮೊದಲಿಗೇ ಇದೆ. ಎಂ.ಬಿ. ಸಂಖ್ಯೆ ನನಗೆ ಹೇಗೆ ಸಿಕ್ಕಿತೆಂದು ಎಲ್ಲರೂ ಕೇಳುತ್ತಾರೆ. ಹಣ ಪಾವತಿಯಾದ ಕಡೆಯಿಂದ ಹಿಂದಕ್ಕೆ ನಡೆದೆ ಎಂಬಷ್ಟನ್ನು ಹೇಳಬಲ್ಲೆ. ‘ಲಭ್ಯವಿಲ್ಲ’ ಎಂಬ ಉತ್ತರಕ್ಕೆ ಎಡೆಯಿಲ್ಲದಂತೆ ಅರ್ಜಿಯ ಕೊನೆಗೆ ಸೇರಿಸಿದ ಸಾಲೊಂದಿದೆ, ಅದನ್ನಂತೂ ಇಲ್ಲಿ ಬರೆಯಲಾರೆ. ಬರೆದರೆ ನಾಳೆಯೇ ಅದಕ್ಕೊಂದು ಮಾದರಿ ಹಿಂಬರಹ ತಯಾರಾಗುತ್ತದೆ.

ಇಪ್ಪತ್ತಾರನೆಯ ದಿನ ನಾಲ್ಕು ಪುಟ ಬಂದವು, 8 ರೂಪಾಯಿಗೆ. ಉದ್ದ 186.00 ಮೀಟರ್ ಎಂದಿತ್ತು. ಅದರ ಮೇಲಿನ ಸಾಲುಗಳೆಲ್ಲ ಬಾಗಿದ ಅವಸರದ ಅಕ್ಷರದಲ್ಲಿದ್ದರೆ ಈ ಅಂಕಿಯೊಂದು ಮಾತ್ರ ಕಾಪಿ ಪುಸ್ತಕದಲ್ಲಿ ತಿದ್ದಿದಷ್ಟು ನೆಟ್ಟಗಿತ್ತು. ಪುಟವನ್ನು ಎ3 ಅಳತೆಗೆ ದೊಡ್ಡದು ಮಾಡಿಸಿ ಗಿರಣಿಯಲ್ಲಿ ಸರದಿ ನಿಲ್ಲುವ ಕಡೆಯ ಗೋಡೆಗೆ ಅಂಟಿಸಿದೆ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್‌ಕಿರಾನಾ ಎಂಬ ಹಳ್ಳಿಯಲ್ಲಿ ಕೂಲಿಕಾರರ, ರೈತರ ಸಂಘಟನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರ್ಕಾರಿ ಕಾಮಗಾರಿಗಳ ಕೂಲಿಯ ಹಾಜರಿ ಪಟ್ಟಿಗಳನ್ನು ಊರಿನವರೆದುರು ಗಟ್ಟಿಯಾಗಿ ಓದಿಸಿದ್ದರೆಂದು ತಿಳಿದಿದ್ದೆ. ನನಗೆ ಮೈಕು, ಶಾಮಿಯಾನ ಬೇಕಾಗಲಿಲ್ಲ. ರಾಗಿ ಡಬ್ಬ ಹಿಡಿದು ನಿಂತವರು ಬೇಸರಕ್ಕೆ ಓದುತ್ತಿದ್ದರು. ಒಂದು ವಾರದಲ್ಲಿ 186 ಎಂಬ ಸಂಖ್ಯೆ ಬೀದಿಯ ಮಕ್ಕಳಿಗೂ ಬಾಯಿಪಾಠವಾಯಿತು.

ಇಲ್ಲಿಯೇ ನನ್ನ ಅತಿದೊಡ್ಡ ತಪ್ಪೂ ನಡೆಯಿತು. ಟೇಪಿಗೆ ಹಣ ಏಕೆಂದು ನೈಲಾನ್ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ ಅಳೆದೆವು; 131 ಬಂತು. 55 ಮೀಟರ್ ನುಂಗಿದ್ದಾರೆಂದು ಬೀದಿಯೆಲ್ಲ ಸಾರಿದೆವು. ಆ ಹಗ್ಗ ಎಳೆದಷ್ಟೂ ಉದ್ದವಾಗುತ್ತದೆ, ಉದ್ದವಾದಷ್ಟೂ ಗಂಟುಗಳ ಲೆಕ್ಕ ಕಡಿಮೆಯಾಗುತ್ತದೆ ಎಂಬುದು ದಿನವೂ ಚೀಲ ಕಟ್ಟುವ ನನಗೆ ಹೊಳೆಯಬೇಕಿತ್ತು. ತಿರುವಿನಲ್ಲಿ ಒಳಗೋಡೆಯನ್ನು ಹಿಡಿದು ಅಳೆದದ್ದು, ರಸ್ತೆ ದಾಟುವ ಎರಡು ಮೋರಿಗಳನ್ನು ಬಿಟ್ಟದ್ದು ಬೇರೆ. ಕೊನೆಗೆ 900 ರೂಪಾಯಿ ಕೊಟ್ಟು 30 ಮೀಟರಿನ ಸ್ಟೀಲ್ ಟೇಪ್ ತಂದೆ. ಅಳೆಯಹೊರಟವರು ಮೊದಲು ಇದನ್ನು ಕೊಳ್ಳಿ.

ಪರಿಶೀಲನೆಗೆ ಒಂದು ಗುರುವಾರ ಹನ್ನೊಂದು ಗಂಟೆಯೆಂದು ಪತ್ರ ಬಂದಿತ್ತು. ನಾನೊಬ್ಬನೇ ಬರುವೆನೆಂದು ಎಂಜಿನಿಯರ್ ತಿಳಿದಿದ್ದರೆಂದು ಕಾಣುತ್ತದೆ. ಗಿರಣಿಯ ಸರದಿಯೇ ಎದ್ದು ಬಂದು, ಇಪ್ಪತ್ತಕ್ಕೂ ಹೆಚ್ಚು ಜನ ಸೇರಿದ್ದೆವು. ಎಂಜಿನಿಯರ್ ಹೊಸಬರು, ಎಂ.ಬಿ.ಯಲ್ಲಿ ಅಳತೆ ಬರೆದವರಲ್ಲ. ಚರಂಡಿಯ ನಡುಗೆರೆಯ ಮೇಲೆ ಅಳೆಯಬೇಕೆಂದು ತೋರಿಸಿಕೊಟ್ಟವರೇ ಅವರು. ಪ್ರತಿ 30 ಮೀಟರಿಗೆ ಸುಣ್ಣದ ಪುಡಿಯಿಂದ ಗುರುತು ಹಾಕುತ್ತಾ ಹೋದೆವು. 144 ಬಂತು, ಮೋರಿಗಳ 14 ಸೇರಿ 158. ಗುತ್ತಿಗೆದಾರರ ಕಡೆಯ ಹುಡುಗ, ‘ಸಾರ್, ಅಳತೆಯಲ್ಲಿ ಒಂದಡಿ ಹೆಚ್ಚುಕಮ್ಮಿ ಆಗೋದು ಸಹಜ’ ಎಂದ. ಬೀದಿಯ ತುದಿಮನೆಯ ಅಜ್ಜಿ ಸೆರಗು ಸಿಕ್ಕಿಸಿಕೊಂಡು, ‘ಒಂದಡಿಯ ಮಾತು ಆಮೇಲಾಗಲಿ ಕಣಪ್ಪ, ನಮ್ಮನೆ ಮುಂದೆ ಚರಂಡಿ ಎಲ್ಲಿದೆ ತೋರಿಸಿಬಿಡು’ ಎಂದು ಅವನ ಕೈಹಿಡಿದು ಕರೆದೊಯ್ದರು. ಎಂಜಿನಿಯರ್ ನಗು ತಡೆದುಕೊಂಡು 158 ಎಂದು ಬರೆದು ಸಹಿ ಹಾಕಿದರು. ಆ ಸಹಿಗಾಗಿ ನಾನು ಹನ್ನೊಂದು ತಿಂಗಳು ತಿರುಗಿದ್ದೆ.

ಈ ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಅದೇ 2(ಜೆ)ಯಲ್ಲಿ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಅವಕಾಶವಿರುವುದರಿಂದ ಕಾಂಕ್ರೀಟಿನ ತುಂಡು ಕೇಳಿದೆ. ಕೊರೆಯುವ ಯಂತ್ರವಿಲ್ಲವೆಂದರು. ಹೊರಗೆ ಕೊರೆಸಿ ಪರೀಕ್ಷೆ ಮಾಡಿಸುವ ಖರ್ಚು ವಿಚಾರಿಸಿ ನಾನೇ ಸುಮ್ಮನಾದೆ. ಇನ್ನೊಂದು ಬೀದಿದೀಪಗಳದ್ದು: ಮಕ್ಕಳು ಸೈಕಲ್ಲಿನಲ್ಲಿ ತಿರುಗಿ ಉರಿಯದ ಕಂಬಗಳ ಸಂಖ್ಯೆ ಬರೆದು ತಂದರು. ಮೂವತ್ತೊಂದರಲ್ಲಿ ಒಂಬತ್ತು ಉರಿಯುತ್ತಿರಲಿಲ್ಲ. ಆ ಪಟ್ಟಿಯನ್ನೂ ಗೋಡೆಗೆ ಅಂಟಿಸಿದ್ದೆ. ಅರ್ಜಿಯನ್ನೇ ಹಾಕದೆ ವಾರದೊಳಗೆ ಏಳು ದೀಪ ಉರಿದವು. ಯಾರು ನೋಡಿ ಹೋದರೋ ತಿಳಿಯದು.

ಒಂಬತ್ತೂವರೆ ಲಕ್ಷದ ಕಾಮಗಾರಿಯಲ್ಲಿ 28 ಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ಲಕ್ಷ ನಲವತ್ತು ಸಾವಿರ. ಜಂಟಿ ಅಳತೆಯ ಪ್ರತಿ ಲಗತ್ತಿಸಿ ಪೌರಾಯುಕ್ತರಿಗೆ ಪತ್ರ ಕೊಟ್ಟೆವು, ಅದರಲ್ಲಿ ಒಂದು ಬೈಗುಳವೂ ಇರಲಿಲ್ಲ. ಗುತ್ತಿಗೆದಾರರು ಇಟ್ಟಿದ್ದ ಭದ್ರತಾ ಠೇವಣಿ ಇನ್ನೂ ನಗರಸಭೆಯ ಬಳಿಯೇ ಉಳಿದಿದ್ದುದು ನಮ್ಮ ಪುಣ್ಯ. ಏಳು ವಾರದಲ್ಲಿ ಗುತ್ತಿಗೆದಾರರು ತಾವಾಗಿಯೇ ಬಂದು ಉಳಿದದ್ದನ್ನು ಕಟ್ಟಿದರು. ಲೋಕಾಯುಕ್ತಕ್ಕೆ ದೂರು ಕೊಡದೆ ರಾಜಿಯಾದೆನೆಂದು ಪಕ್ಕದ ವಾರ್ಡಿನ ಗೆಳೆಯರೊಬ್ಬರು ಇಂದಿಗೂ ಮುನಿಸಿಕೊಂಡಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಅಜ್ಜಿಯ ಮನೆಯೊಳಗೆ ಎರಡು ಮಳೆಗಾಲ ಕೊಳಚೆ ನುಗ್ಗಿತ್ತು, ಮೂರನೆಯದಕ್ಕೆ ನುಗ್ಗಲಿಲ್ಲ.

ನನ್ನ ಕೈಯಿಂದ ಹೋದದ್ದು ಟೇಪು, ಹಗ್ಗ, ಅಂಚೆ, ನಕಲು, ಮುಚ್ಚಿದ ಗಿರಣಿ ಎಲ್ಲ ಸೇರಿ ಮೂರೂವರೆ ಸಾವಿರದ ಆಸುಪಾಸು. ಸಂಘ ಅದರಲ್ಲಿ 1,000 ಕೊಟ್ಟಿದೆ, ಉಳಿದದ್ದನ್ನು ಮುಂದಿನ ಸಭೆಯಲ್ಲಿ ನೋಡೋಣವೆಂದಿದೆ. ಹೊಸ ಭಾಗದ ಎರಡು ಚಪ್ಪಡಿಗಳು ಈಗಾಗಲೇ ಅಲುಗಾಡುತ್ತಿವೆ. ಕೆಲಸದಲ್ಲಿ ದೋಷ ಕಂಡರೆ ಗುತ್ತಿಗೆದಾರರೇ ಸರಿಪಡಿಸಿಕೊಡಬೇಕಾದ ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ದಿನಾಂಕವನ್ನು ಗಿರಣಿಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿಟ್ಟಿದ್ದೇನೆ.